ಹನ್ನೆರಡು ಗಂಟೆಯ ರೈಲು: ‘ಹೈ ನೂನ್’ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನನ್ನ ಒತ್ತಾಯಕ್ಕೆ ಕಟ್ಟುಬಿದ್ದು ಕಡೆಗೂ ‘ಹೈ ನೂನ್’ ನೋಡಿದೆಯೆಂದು ತಿಳಿದು ಸಂತೋಷವಾಯಿತು. ಕೌಬಾಯ್ ಸಿನಿಮಾ ಎಂದು ಆಸೆಯಿಂದ ಕೂತರೆ ಕುದುರೆಗಳ ಓಟವೂ ಇಲ್ಲ, ಗುಂಡಿನ ಸುರಿಮಳೆಯೂ ಇಲ್ಲ, ನಡುವಯಸ್ಸು ದಾಟಿದ ಒಬ್ಬ ಮನುಷ್ಯ ಬಾಗಿಲು ಬಾಗಿಲು ತಟ್ಟುತ್ತ ಅಲೆಯುವುದನ್ನೇ ಒಂದು ಗಂಟೆ ತೋರಿಸಿದ್ದಾರೆ ಎಂದು ಬರೆದಿದ್ದೀಯೆ. ನೀನು ಬರೆದದ್ದು ಸರಿಯಾಗಿಯೇ ಇದೆ. ಆದರೆ ನಿನಗೆ ಕೊರತೆಯಾಗಿ ಕಂಡ ಆ ಅಲೆದಾಟದಿಂದಲೇ 1952ರ ಈ ಚಿತ್ರ ಇಂದಿಗೂ ಉಳಿದಿದೆ ಎಂಬುದು ನನ್ನ ನಂಬಿಕೆ. ಅದನ್ನು ಹೇಳಲೆಂದೇ ಈ ಪತ್ರ.

ಕಥೆಯಾಗಿ ನೋಡಿದರೆ ಅದರಲ್ಲಿ ಅಂಥದ್ದೇನೂ ಇಲ್ಲ. ಹ್ಯಾಡ್ಲಿವಿಲ್ ಎಂಬ ಪುಟ್ಟ ಊರಿನಲ್ಲಿ ಕಾನೂನು ಕಾಯುವ ಅಧಿಕಾರಿ, ಮಾರ್ಷಲ್ ವಿಲ್ ಕೇನ್ ಮದುವೆಯಾಗಿ, ಕೆಲಸ ಬಿಟ್ಟು ಊರಿನಿಂದ ಹೊರಡುವ ಹೊತ್ತಿಗೆ, ಅವನೇ ಹಿಂದೆ ಜೈಲಿಗೆ ಕಳಿಸಿದ್ದ ಫ್ರ್ಯಾಂಕ್ ಮಿಲ್ಲರ್ ಎಂಬ ಕೊಲೆಗಾರ ಬಿಡುಗಡೆಯಾಗಿ ಹನ್ನೆರಡರ ರೈಲಿಗೆ ಬರುತ್ತಿದ್ದಾನೆಂಬ ತಂತಿ ಬರುತ್ತದೆ. ಮಿಲ್ಲರನ ಮೂವರು ಸಂಗಡಿಗರು ಆಗಲೇ ನಿಲ್ದಾಣದಲ್ಲಿ ಕಾದು ನಿಂತಿದ್ದಾರೆ. ಊರಿನವರೇ ಒತ್ತಾಯ ಮಾಡಿ ಕೇನನನ್ನು ಗಾಡಿ ಹತ್ತಿಸಿ ಕಳಿಸಿಬಿಡುತ್ತಾರೆ. ಅವನು ಸ್ವಲ್ಪ ದೂರ ಹೋಗಿ, ಗಾಡಿ ತಿರುಗಿಸಿಕೊಂಡು ಹಿಂದಕ್ಕೆ ಬರುತ್ತಾನೆ. ಅಲ್ಲಿಂದ ಮುಂದೆ ಸಹಾಯ ಕೇಳುವುದಷ್ಟೇ ಅವನ ಕೆಲಸ.

ಒಂದು ವಿಷಯ ಗಮನಿಸು. ಇಲ್ಲವೆಂದವರ ಪೈಕಿ ನಿಜವಾದ ದುಷ್ಟರು ಬಹಳ ಕಡಿಮೆ. ಮಿಲ್ಲರನಿಗೆ ಶಿಕ್ಷೆ ವಿಧಿಸಿದ್ದ ನ್ಯಾಯಾಧೀಶ ಗೋಡೆಯ ಮೇಲಿನ ಧ್ವಜವನ್ನು ಮಡಚಿ, ನ್ಯಾಯದ ತಕ್ಕಡಿಯನ್ನು ಚೀಲಕ್ಕೆ ತುಂಬಿಕೊಂಡು, ಅಥೆನ್ಸಿನ ಇತಿಹಾಸವನ್ನು ಉಪದೇಶಿಸುತ್ತಲೇ ಕಾಲಿಗೆ ಬುದ್ಧಿ ಹೇಳುತ್ತಾನೆ. ಮುಪ್ಪಿನ ಹಳೆಯ ಮಾರ್ಷಲನಿಗೆ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿವೆ. ಸ್ಯಾಮ್ ಫುಲ್ಲರ್ ಎಂಬ ಗೆಳೆಯ ಒಳಕೋಣೆಯಲ್ಲಿ ಅವಿತುಕೊಂಡು, ತಾನು ಮನೆಯಲ್ಲಿಲ್ಲವೆಂದು ಹೆಂಡತಿಯ ಬಾಯಿಂದ ಹೇಳಿಸುತ್ತಾನೆ; ಬಾಗಿಲಲ್ಲಿ ನಿಂತ ಆ ಹೆಂಗಸು ಸುಳ್ಳು ಹೇಳಲಾರದೆ ತಡವರಿಸುವುದನ್ನು ನೋಡಿದರೆ ನಮಗೇ ನಾಚಿಕೆಯಾಗುತ್ತದೆ. ಮೊದಲು ಹುರುಪಿನಿಂದ ಮುಂದೆ ಬಂದಿದ್ದ ಹರ್ಬ್ ಬೇಕರ್, ತನ್ನ ಜೊತೆಗೆ ಬೇರೆ ಯಾರೂ ಇಲ್ಲವೆಂದು ಗೊತ್ತಾದ ಕ್ಷಣ ಹೆಂಡತಿ ಮಕ್ಕಳನ್ನು ನೆನಪಿಸಿಕೊಳ್ಳುತ್ತಾನೆ. ಹೋಟೆಲಿನ ಗುಮಾಸ್ತ ಮಾತ್ರ ಮುಚ್ಚುಮರೆಯಿಲ್ಲದವನು: ಮಿಲ್ಲರನ ಕಾಲದಲ್ಲಿ ವ್ಯಾಪಾರ ಚೆನ್ನಾಗಿತ್ತು ಎಂದು ನೇರವಾಗಿ ಹೇಳಿಬಿಡುತ್ತಾನೆ.

ಇಡೀ ಚಿತ್ರದಲ್ಲಿ ನನಗೆ ಅತ್ಯುತ್ತಮವೆನಿಸುವುದು ಚರ್ಚಿನ ದೃಶ್ಯ. ಕೇನ್ ಒಳಗೆ ಬಂದು ಜನ ಬೇಕೆಂದು ಕೇಳಿದೊಡನೆ ಕೆಲವರು ಎದ್ದೇ ಬಿಡುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬ, ಇದು ಅವರಿಬ್ಬರ ಸ್ವಂತ ಜಗಳವಲ್ಲವೇ ಎಂದು ತಡೆಯುತ್ತಾನೆ. ಮಕ್ಕಳನ್ನು ಆಡಲು ಹೊರಗೆ ಕಳಿಸಿ ಸಭೆ ಶುರುವಾಗುತ್ತದೆ. ಎಲ್ಲ ಮುಗಿದ ಮೇಲೆ ಹೆಂಡರ್ಸನ್ ಎಂಬ ಊರ ಹಿರಿಯ ಎದ್ದು ನಿಂತು, ಇಂಥ ಮಾರ್ಷಲ್ ನಮಗೆ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಾರ ಎಂದು ಕೊಂಡಾಡುತ್ತಾನೆ. ಕೇನನ ಮುಖದಲ್ಲಿ ಇನ್ನೇನು ಭರವಸೆ ಮೂಡಬೇಕು, ಅಷ್ಟರಲ್ಲೇ ಮಾತು ಹೊರಳುತ್ತದೆ: ಉತ್ತರದವರು ನಮ್ಮೂರಿನಲ್ಲಿ ಬಂಡವಾಳ ಹೂಡುವ ಯೋಚನೆಯಲ್ಲಿದ್ದಾರೆ, ಬೀದಿಯಲ್ಲಿ ಹೆಣ ಬಿದ್ದರೆ ಅವರು ಏನೆಂದುಕೊಂಡಾರು, ಆದ್ದರಿಂದ ನೀನು ಊರು ಬಿಡುವುದೇ ಎಲ್ಲರಿಗೂ ಕ್ಷೇಮ. ಮೂಗಿಗೆ ತುಪ್ಪ ಸವರಿ ಬಾಗಿಲು ತೋರಿಸುವ ಈ ವಿದ್ಯೆಯಲ್ಲಿ ಪಳಗಿದವರು ಯಾವ ಊರಿನಲ್ಲಿಲ್ಲ, ಹೇಳು. ಮಿಲ್ಲರನಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವವನು ಈ ಹೆಂಡರ್ಸನ್ನೇ. ಏಕೆಂದರೆ ಅವನ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಈ ನಿರಾಕರಣೆಗಳಿಗೆಲ್ಲ ಬಿಗಿ ತಂದುಕೊಟ್ಟದ್ದು ಗಡಿಯಾರ. ನಿರ್ದೇಶಕ ಫ್ರೆಡ್ ಜಿನ್ನೆಮನ್ ಸುಮಾರು 85 ನಿಮಿಷದ ಈ ಚಿತ್ರವನ್ನು ಕಥೆ ನಡೆಯುವ ಅವಧಿಗೆ ಬಹುಮಟ್ಟಿಗೆ ಸರಿಹೊಂದುವಂತೆ ಕಟ್ಟಿದ್ದಾರೆ. ಯಾರ ಮನೆಯೊಳಗೆ ಹೊಕ್ಕರೂ ಗೋಡೆಯ ಮೇಲೊಂದು ಗಡಿಯಾರ ಕಾಣುತ್ತದೆ. ಕೇನ್ ತನ್ನ ಕಚೇರಿಯಲ್ಲಿ ಕೂತು ಉಯಿಲು ಬರೆಯುವಾಗ ಲೋಲಕದ ತೂಗಾಟ, ಮಿಲ್ಲರ್ ಹಿಂದೊಮ್ಮೆ ಕೂತು ಸೇಡಿನ ಮಾತಾಡಿದ್ದ ಖಾಲಿ ಕುರ್ಚಿ, ಚರ್ಚಿನಲ್ಲಿ ತಲೆತಗ್ಗಿಸಿದವರು, ಹೆಂಡದಂಗಡಿಯಲ್ಲಿ ಮೌನವಾದವರು, ನಿಲ್ದಾಣದ ಹಳಿ, ಇವೆಲ್ಲ ಡಿಮಿಟ್ರಿ ಟಿಯೋಮ್ಕಿನ್ ಅವರ ಸಂಗೀತದ ತಾಳಕ್ಕೆ ಒಂದಾದ ಮೇಲೊಂದು ಬಂದು, ಕಡೆಗೆ ರೈಲಿನ ಸಿಳ್ಳೆ ಕೇಳಿಸುತ್ತದಲ್ಲ, ಆ ಭಾಗವನ್ನು ಇನ್ನೊಮ್ಮೆ ನೋಡು. ಸಂಕಲನಕ್ಕೂ ಸಂಗೀತಕ್ಕೂ ಆಸ್ಕರ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಆಗಿನ ಕೌಬಾಯ್ ಚಿತ್ರಗಳ ಸುಂದರ ಮೋಡಗಳನ್ನು ಬೇಕೆಂದೇ ಕೈಬಿಟ್ಟು, ಅಮೆರಿಕದ ಅಂತರ್ಯುದ್ಧದ ಕಾಲದ ಮ್ಯಾಥ್ಯೂ ಬ್ರೇಡಿಯ ಫೋಟೊಗಳಂತೆ ಬಿಳಿಚಿಕೊಂಡ ಆಕಾಶವನ್ನೂ ಬಿರುಬಿಸಿಲನ್ನೂ ಹಿಡಿದರು. ಕೇನನ ಪಾತ್ರ ಮಾಡಿದ, ಆಗ ಐವತ್ತು ತುಂಬಿದ್ದ, ಮೈಯಲ್ಲಿ ಸ್ವಸ್ಥವಿಲ್ಲದಿದ್ದ ಗ್ಯಾರಿ ಕೂಪರ್ ಅವರ ಮುಖದ ಒಂದು ಸುಕ್ಕನ್ನೂ ಆ ಬೆಳಕು ಮುಚ್ಚಿಡುವುದಿಲ್ಲ. ಚಿತ್ರದಲ್ಲಿ ಅವರ ಕೈಹಿಡಿದ ಗ್ರೇಸ್ ಕೆಲ್ಲಿಗೆ ಆಗ ಇಪ್ಪತ್ತೊಂದು. ಇದನ್ನು ಹಾಲಿವುಡ್ಡಿನ ವಾಡಿಕೆಯೆಂದು ಸಹಿಸಿಕೊಳ್ಳಬೇಕಷ್ಟೆ.

ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. 1951ರಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗಲೇ ‘ಅಮೆರಿಕ ವಿರೋಧಿ ಚಟುವಟಿಕೆ’ಗಳನ್ನು ವಿಚಾರಿಸುತ್ತಿದ್ದ ಸಂಸದೀಯ ಸಮಿತಿ ಅವರನ್ನು ಕರೆಸಿತು. ಪಕ್ಷದಲ್ಲಿ ಜೊತೆಗಿದ್ದ ಯಾರ ಹೆಸರನ್ನೂ ಅವರು ಹೇಳಲೊಪ್ಪಲಿಲ್ಲ. ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದರು. ಸುತ್ತಲಿನ ಸ್ನೇಹಿತರು ಒಬ್ಬೊಬ್ಬರಾಗಿ ದೂರ ಸರಿಯುವಾಗ ಆಡುತ್ತಿದ್ದ ಮಾತುಗಳೇ ಹ್ಯಾಡ್ಲಿವಿಲ್ಲಿನವರ ಬಾಯಿಗೆ ಬಂದಿವೆ. ಸಬೂಬುಗಳು ಅಷ್ಟು ನಂಬುವಂತಿರುವುದಕ್ಕೆ ಇದೇ ಕಾರಣವಿರಬೇಕು. ಅತ್ತ ಕೌಬಾಯ್ ಚಿತ್ರಗಳ ಹೆಸರಾಂತ ನಟ ಜಾನ್ ವೇನ್ 1953ರಲ್ಲಿ ಕೂಪರ್ ಪರವಾಗಿ ವೇದಿಕೆಗೆ ಹೋಗಿ ಆಸ್ಕರ್ ಸ್ವೀಕರಿಸಿ, ಇಂಥ ಪಾತ್ರ ನನಗೇಕೆ ಸಿಗಲಿಲ್ಲ ಎಂದು ತಮಾಷೆ ಮಾಡಿದವರು, 1971ರ ಒಂದು ಸಂದರ್ಶನದಲ್ಲಿ ಇದರಷ್ಟು ಅಮೆರಿಕ ವಿರೋಧಿಯಾದದ್ದನ್ನು ತಾವು ನೋಡಿಯೇ ಇಲ್ಲವೆಂದರು. ನಾಯಕ ಕೊನೆಯಲ್ಲಿ ಮಾರ್ಷಲನ ನಕ್ಷತ್ರವನ್ನು ಕಾಲಿನಿಂದ ತುಳಿಯುತ್ತಾನೆ ಎಂಬುದು ಅವರ ದೂರು. ನೀನೀಗ ತಾನೇ ನೋಡಿದ್ದೀಯೆ: ಕೇನ್ ಅದನ್ನು ಕಿತ್ತು ಮಣ್ಣಿಗೆ ಎಸೆಯುತ್ತಾನೆ, ತುಳಿಯುವುದಿಲ್ಲ.

ಇಷ್ಟಾದರೂ ಚಿತ್ರ ಒಂದು ಪಕ್ಷದ ಆಸ್ತಿಯಾಗಲಿಲ್ಲ. 1989ರ ಜೂನ್ 4ರ ಪೋಲೆಂಡ್ ಚುನಾವಣೆಗೆ ತೋಮಾಶ್ ಸಾರ್ನೆಟ್ಸ್ಕಿ ರಚಿಸಿದ ಪೋಸ್ಟರಿನಲ್ಲಿ ಇದೇ ಕೂಪರ್ ಕೈಯಲ್ಲಿ ಮತಪತ್ರ ಹಿಡಿದು, ಎದೆಯ ಮೇಲೆ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘಟನೆಯ ಬಿಲ್ಲೆ ಧರಿಸಿ ನಡೆದು ಬರುತ್ತಾರೆ. ಕಮ್ಯುನಿಸ್ಟನೆಂಬ ಹಣೆಪಟ್ಟಿ ಹೊತ್ತವನು ಬರೆದ ನಾಯಕ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಮತ ಕೇಳಿದ! ತಾನು ಒಂಟಿಯಾದೆನೆಂದು ಅನ್ನಿಸಿದವರೆಲ್ಲರಿಗೂ ಈ ನಾಯಕ ತಮ್ಮವನೇ.

ಲೋಪಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಟೆಕ್ಸ್ ರಿಟ್ಟರ್ ಹಾಡಿದ ಹಾಡು ಇಂಪಾಗಿದ್ದರೂ ನಮಗೆ ಕಾಣುತ್ತಿರುವುದನ್ನೇ ಮತ್ತೆ ಮತ್ತೆ ಹೇಳುತ್ತದೆ. ಅಷ್ಟು ಹೊತ್ತು ಕಾಯಿಸಿದ ಮಿಲ್ಲರ್ ಬಂದ ಮೇಲೆ ಸಪ್ಪೆಯೆನಿಸುತ್ತಾನೆ. ಕೊನೆಯ ಗುಂಡಿನ ಕಾಳಗ ಬೇರೆ ಯಾವ ಚಿತ್ರದಲ್ಲಿದ್ದರೂ ನಡೆಯುತ್ತಿತ್ತು. ಆದರೆ ಕೇಟಿ ಹುರಾಡೊ ಅವರ ಹೆಲೆನ್ ರಮೀರೆಸ್ ಬಗ್ಗೆ ನೀನು ಒಂದಕ್ಷರವನ್ನೂ ಬರೆಯದಿರುವುದು ನನಗೆ ಸರಿಬರಲಿಲ್ಲ. ಊರವರ ತಾತ್ಸಾರವನ್ನು ನುಂಗಿಕೊಂಡೇ ಅಲ್ಲಿ ವ್ಯಾಪಾರ ಕಟ್ಟಿದ ಆ ಮೆಕ್ಸಿಕನ್ ಹೆಣ್ಣು, ಮುಂದಾಗುವುದನ್ನು ಎಲ್ಲರಿಗಿಂತ ಮೊದಲೇ ಅರಿತು, ಅಂಗಡಿ ಮಾರಿ, ಯಾರ ಮುಂದೆಯೂ ಸಬೂಬು ಹೇಳದೆ ಊರು ಬಿಡುತ್ತಾಳೆ. ಅವನು ನನ್ನ ಗಂಡಸಾಗಿದ್ದರೆ ನಾನೇ ಕೋವಿ ಹಿಡಿಯುತ್ತಿದ್ದೆ ಎಂದು ಕೇನನ ಹೆಂಡತಿಗೆ ಅವಳು ಹೇಳದೆ ಇದ್ದಿದ್ದರೆ, ಹಿಂಸೆಯನ್ನು ಒಪ್ಪದ ಕ್ವೇಕರ್ ಮತದ ಆ ಹುಡುಗಿ ರೈಲಿನಿಂದ ಇಳಿದು ಓಡಿಬರುವುದನ್ನು ನಾನಂತೂ ನಂಬುತ್ತಿರಲಿಲ್ಲ.

ನಿನಗೆ ಇನ್ನೂ ಸಮಾಧಾನವಾಗದಿದ್ದರೆ 1959ರ ‘ರಿಯೊ ಬ್ರಾವೊ’ ನೋಡು. ಒಳ್ಳೆಯ ಷೆರಿಫ್ ಆದವನು ಸಹಾಯಕ್ಕಾಗಿ ಊರೆಲ್ಲ ಅಂಗಲಾಚುತ್ತ ತಿರುಗುವುದಿಲ್ಲ ಎಂದು ಸಿಟ್ಟಾಗಿದ್ದ ನಿರ್ದೇಶಕ ಹೋವರ್ಡ್ ಹಾಕ್ಸ್, ಅದೇ ಜಾನ್ ವೇನ್‌ರನ್ನು ಹಾಕಿಕೊಂಡು ಕೊಟ್ಟ ಉತ್ತರ ಅದು. ಅಲ್ಲಿ ಷೆರಿಫ್ ಯಾರೂ ಬೇಡವೆನ್ನುತ್ತಾನೆ. ಕುಡುಕ, ಕುಂಟ, ಹುಡುಗ ಎಲ್ಲರೂ ತಾವಾಗಿ ಬಂದು ನಿಲ್ಲುತ್ತಾರೆ. ಬಣ್ಣವಿದೆ, ಹಾಡಿದೆ, ನಗುವಿದೆ, ನೀನು ಕೇಳಿದ ಗುಂಡುಗಳೂ ಇವೆ. ಖುಷಿಯಾಗಿರಬೇಕೆಂದಾಗ ನಾನೂ ಅದನ್ನೇ ಹಾಕಿಕೊಳ್ಳುತ್ತೇನೆ, ಆದರೆ ಆ ಊರನ್ನು ನಾನು ಹೊರಗೆಲ್ಲೂ ಕಂಡಿಲ್ಲ. ನೋಡಿ ಮುಗಿಸಿದ ಮೇಲೆ ಬರೆ. ಜಗಳವಾಡುವುದಿದ್ದರೆ ಫೋನೇ ಮಾಡು.

ಇಂತು,
ನಿನ್ನ ಗೆಳೆಯ