ಮಗಳಿಗೊಂದು ಪತ್ರ: ಉಳಿದ ನೂಲಿನ ಬೇಸಿಗೆ ಟಾಪ್

ಇಳಕಲ್

ಚಿ. ರೇಣುಗೆ ಅವ್ವನ ಆಶೀರ್ವಾದಗಳು.

ಹಾಸ್ಟೆಲ್ ಮಂಚದ ಮೇಲೆ ಹರವಿದ ನೂಲಿನ ಉಂಡೆಗಳ ಫೋಟೋ ನೋಡಿದೆ. ಇಷ್ಟರಲ್ಲಿ ಒಂದು ಟಾಪ್ ಹೆಣೆಯಲು ಆಗುತ್ತದಾ ಅಂತ ಕೇಳಿದ್ದೀಯ. ಆಗುತ್ತದೆ. ಆದರೆ ಉಂಡೆಗಳನ್ನು ಬಣ್ಣ ನೋಡಿ ಜೋಡಿಸಿದ್ದೀಯಲ್ಲ, ಅದನ್ನು ಕೆಡಿಸು. ಯಾವುದು ಹತ್ತಿ, ಯಾವುದು ಅಲ್ಲ ಅಂತ ಮೊದಲು ಬೇರೆ ಮಾಡು. ಬಣ್ಣ ಹೇಗೋ ಹೊಂದಿಕೊಳ್ಳುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಅಕ್ರಿಲಿಕ್ ಹೊಂದುವುದಿಲ್ಲ. ಬೆವರು ಹೀರದೆ ಮೈಗೆ ಅಂಟುತ್ತದೆ. ನನ್ನ ತವರು ಬೆಳಗಾವಿಯ ಮಳೆಗಾಲದಲ್ಲಾದರೆ ನಡೆಯುತ್ತಿತ್ತು.

ಗುರುತು ಸಿಗದಿದ್ದರೆ ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡು. ರೂಮಿನಲ್ಲಿ ಬೇಡ, ಹೊರಗೆ, ಪಕ್ಕದಲ್ಲಿ ನೀರಿಟ್ಟುಕೊಂಡು. ಹತ್ತಿಗೆ ಕಾಗದ ಸುಟ್ಟ ವಾಸನೆ, ಬೂದಿ ಮೆತ್ತಗೆ. ಉಣ್ಣೆ, ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತವೆ. ನಮ್ಮ ಸೀರೆಗೆ ಹಾಕುವ ಚಮಕಾ ಮಾತ್ರ ಮೋಸ ಮಾಡುತ್ತದೆ. ಅದು ರೇಯಾನ್, ಹತ್ತಿಯ ಹಾಗೇ ಉರಿಯುತ್ತದೆ. ಹೊಳಪಿನಿಂದಲೇ ಗುರುತಿಸಬೇಕು. ಹತ್ತಿಯ ಜೊತೆ ಅದರದೊಂದು ಎಳೆ ಸೇರಿಸಿದರೆ ಚಂದವೇ ಕಾಣುತ್ತದೆ.

ಮಗ್ಗದಲ್ಲಿ ಉಳಿದ ಹತ್ತಿ ಲಡಿಗಳನ್ನು, ಅಂದರೆ ನೂಲಿನ ಸುರುಳಿಗಳನ್ನು, ನಿಮ್ಮಪ್ಪ ಕಟ್ಟಿಟ್ಟಿದ್ದಾರೆ. ನೇಯುವ ನೂಲು ಬಹಳ ಸಣ್ಣ. ಒಂದೇ ಎಳೆಯಲ್ಲಿ ಹೆಣೆಯಲು ಹೋದರೆ ನಿನ್ನ ಪರೀಕ್ಷೆಯೂ ಮುಗಿದು ಮದುವೆಯೂ ಆಗಿರುತ್ತದೆ! ಕೌಂಟ್ ನಂಬರ್ ಹೆಚ್ಚಾದಷ್ಟು ನೂಲು ಸಣ್ಣ ಅಂತ ನೆನಪಿಡು. ಒಂದು ಪೌಂಡ್ ತೂಕಕ್ಕೆ 840 ಗಜದ ಎಷ್ಟು ಲಡಿ ಬರುತ್ತವೆ ಅನ್ನುವ ಲೆಕ್ಕ ಅದು. 20 ಕೌಂಟಿನ ನೂಲಾದರೆ ಏಳೆಂಟು ಎಳೆ ಕೂಡಿಸಿ ಒಂದು ಉಂಡೆ ಸುತ್ತು. ಇಲ್ಲೇ ಬಣ್ಣದ ಆಟ ಇದೆ. ಕೆಂಪು ಐದು ಎಳೆ, ಕಪ್ಪು ಮೂರು. ಕೆಂಪು ಮುಗಿಯುತ್ತಾ ಬಂದರೆ ಅದರ ಒಂದು ಎಳೆ ತೆಗೆದು ಬೇರೆಯದನ್ನು ಸೇರಿಸು. ಬಣ್ಣ ನಿಧಾನಕ್ಕೆ ತಿರುಗುತ್ತದೆ, ಉಳಿದ ನೂಲು ಅಂತ ಯಾರಿಗೂ ಅನಿಸುವುದಿಲ್ಲ. ಗಂಜಿ ಹಾಕಿದ ನೂಲಿದ್ದರೆ ನೆನೆಸಿ ತೊಳೆದು ಒಣಗಿಸಿಯೇ ಸುತ್ತು. ಒದ್ದೆ ಇದ್ದಾಗ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡು. ಕೆಂಪು ಬಿಟ್ಟರೆ ತಿಳಿ ಬಣ್ಣದ ಜೊತೆ ಹಾಕಬೇಡ. ಉಪ್ಪು ನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ನಾನಂತೂ ನಂಬುವುದಿಲ್ಲ.

ಹೆಣೆಯುವ ಕಡ್ಡಿಯ ನಂಬರೂ ಕೌಂಟಿನ ಹಾಗೇ ಉಲ್ಟಾ. 10 ನಂಬರ್ ಅಂದರೆ 3.25 ಮಿ.ಮೀ., 6 ನಂಬರ್ ಅಂದರೆ 5 ಮಿ.ಮೀ. ನಿನಗೆ 6 ಬೇಕು. ಸಣ್ಣ ನೂಲು, ದಪ್ಪ ಕಡ್ಡಿ ಇದ್ದರೆ ಗಾಳಿ ಆಡುತ್ತದೆ. ಎಲ್ಲ ಸಾಲೂ ಸೀದಾ ಹಾಕು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ, ಒಟ್ಟಿಗೆ ಹೊಸೆಯದೆ ಬರೀ ಕೂಡಿಸಿದ ಒಂಟಿ ಎಳೆಗಳು ತಮ್ಮ ಹೊಸೆತದ ಕಡೆಗೆ ವಾಲಿ ಬಟ್ಟೆ ಓರೆಯಾಗುತ್ತದೆ. ಏಳೆಂಟು ಸಾಲಿಗೊಮ್ಮೆ ಪ್ರತಿ ಕುಣಿಕೆಗೂ ನೂಲನ್ನು ಕಡ್ಡಿಗೆ ಎರಡು ಸುತ್ತು ಸುತ್ತಿ, ಮುಂದಿನ ಸಾಲಿನಲ್ಲಿ ಒಂದು ಸುತ್ತನ್ನು ಬಿಟ್ಟುಬಿಡು. ಉದ್ದುದ್ದ ಕಿಂಡಿಗಳು ಬೀಳುತ್ತವೆ. ನೂಲೂ ಉಳಿಯುತ್ತದೆ.

ಅಳತೆಯಲ್ಲಿ ಮಾತ್ರ ಆತುರ ಬೇಡ. ಕಿಂಡಿ ಸಾಲೂ ಸೇರಿಸಿ ಅಂಗೈಗಿಂತ ದೊಡ್ಡ ತುಂಡು ಹೆಣೆದು, ತೊಳೆದು, ಒಣಗಿದ ಮೇಲೆ ಎಣಿಸು. ಹತ್ತಿಗೆ ಉಣ್ಣೆಯ ಹಾಗೆ ಹಿಂದಕ್ಕೆ ಎಳೆದುಕೊಳ್ಳುವ ಗುಣ ಇಲ್ಲ, ಜಗ್ಗಿದ್ದು ಜಗ್ಗಿದ್ದೇ. 4 ಇಂಚಿಗೆ 18 ಕುಣಿಕೆ ಬಂತು ಅಂದುಕೋ. ನಿನ್ನ ಎದೆಯಳತೆ 34, ಸಡಿಲಕ್ಕೆ 4 ಸೇರಿಸಿ 38. ಅದರ ಅರ್ಧ 19 ಇಂಚು, ಅಂದರೆ 86 ಕುಣಿಕೆ. ಹಿಂದೊಂದು, ಮುಂದೊಂದು ಚೌಕ ತುಂಡು. ತೋಳು ಬೇಡ, ಕೊರೆತ ಬೇಡ. ಎರಡೂ ಸೇರಿ 200ರಿಂದ 250 ಗ್ರಾಂ ಸಾಕು. ಮೆಸ್ಸಿನ ತಕ್ಕಡಿಯಲ್ಲಿ ನೂಲು ತೂಗಿ ಮೊದಲೇ ಅರ್ಧ ಮಾಡಿಟ್ಟುಕೋ. ಇಲ್ಲವಾದರೆ ಹಿಂಭಾಗ ಮುಗಿಯುವಷ್ಟರಲ್ಲಿ ಚಂದದ ಬಣ್ಣವೆಲ್ಲ ಖಾಲಿ.

ನೂಲು ಬದಲಿಸುವಾಗ ಗಂಟು ಹಾಕಬೇಡ. ಸಡಿಲ ಹೆಣಿಗೆಯಲ್ಲಿ ಗಂಟು ಹೊರಗೆ ಇಣುಕುತ್ತದೆ. ಅಂಚಿನಲ್ಲೇ ಬದಲಿಸಿ, ನಾಲ್ಕು ಇಂಚು ಬಾಲ ಬಿಟ್ಟು, ಆಮೇಲೆ ಸೂಜಿಯಲ್ಲಿ ಒಳಗೆ ಸೇರಿಸು.

ಇಡೀ ಟಾಪಿನ ಭಾರ ಭುಜದ ಮೇಲೆ ಬೀಳುತ್ತದೆ. ನನ್ನ ಕುಪ್ಪಸದಿಂದ ಉಳಿದ ಗುಳೇದಗುಡ್ಡ ಖಣದ ಎರಡು ಪಟ್ಟಿ ಕಳಿಸುತ್ತಿದ್ದೇನೆ. ಭುಜದ ಹೊಲಿಗೆಗೆ ಒಳಗಿನಿಂದ ಹಚ್ಚು. ನೇಯ್ದ ಬಟ್ಟೆ ಜಗ್ಗುವುದಿಲ್ಲ, ಭುಜ ಹಿಡಿದು ನಿಲ್ಲುತ್ತದೆ. ಎಳೆಯ ಗುಂಟ ನೇರಕ್ಕೆ ಕತ್ತರಿಸಿದ್ದೇನೆ, ನೀನು ಮತ್ತೆ ಓರೆಯಾಗಿ ಕತ್ತರಿಸಬೇಡ. ಒಗೆದ ಮೇಲೆ ಹಗ್ಗಕ್ಕೆ ನೇತುಹಾಕಿದರೆ ಮೊಣಕಾಲಿಗೆ ಇಳಿಯುತ್ತದೆ. ಟವೆಲ್ ಮೇಲೆ ಹರವಿ, ನೆರಳಲ್ಲಿ ಒಣಗಿಸು.

ಲಡಿಗಳು ರವಿವಾರ ಕಾಕಾನ ಕೈಯಲ್ಲಿ ಬರುತ್ತವೆ. ಸಿಕ್ಕು ಬಿಡಿಸಲು ಗೆಳತಿಯೊಬ್ಬಳನ್ನು ಕೂರಿಸಿಕೋ, ಒಬ್ಬಳಿಂದ ಆಗದು. ಅಕ್ರಿಲಿಕ್ ಉಂಡೆಗಳನ್ನು ಅವನ ಕೈಗೇ ಕೊಟ್ಟು ಕಳಿಸು, ಅಜ್ಜಿಗೆ ಚಳಿಗಾಲಕ್ಕೆ ಕುಲಾಯಿ ಹಾಕುತ್ತೇನೆ.

ನಿನ್ನ
ಅವ್ವ