ಭಾನುವಾರದ ಕಾನ್ವಾಯ್ ಆಟ: ಡೆಸ್ಟ್ರಾಯರ್ ಹಿಡಿದವರು ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಎರಡನೇ ಮಹಾಯುದ್ಧದ ಎಚ್‌ಎಕ್ಸ್ 112 ಕಾನ್ವಾಯ್ (ಬೆಂಗಾವಲಿನಲ್ಲಿ ಸಾಗುವ ಸರಕು ಹಡಗುಗಳ ಗುಂಪು) ಕದನ ಆಡುತ್ತೇವೆ. 1941ರ ಮಾರ್ಚ್ 17ರ ನಸುಕು.

ವಾಕರ್, ವ್ಯಾನಾಕ್ ಎಂಬ ಬ್ರಿಟಿಷ್ ಡೆಸ್ಟ್ರಾಯರ್ (ಬೆಂಗಾವಲು ಯುದ್ಧನೌಕೆ) ನಡೆಸುವವರೇ, ಸಬ್‌ಮರೀನ್ ಹುಡುಕುವಾಗ 15 ನಾಟ್ ವೇಗ ದಾಟಬೇಡಿ. 20 ಮುಟ್ಟಿದರೆ ಹಡಗಿನದೇ ಸದ್ದಿಗೆ ಆಸ್ಡಿಕ್ (ನೀರಿನಡಿ ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಸಾಧನ) ಕಿವುಡು. ತೀರಾ ಹತ್ತಿರ ಹೋದಾಗಲೂ ಅಷ್ಟೇ, ಅದರ ಕಿರಣ ಸಬ್‌ಮರೀನಿನ ಮೇಲೆಯೇ ಹಾದುಹೋಗಿ ಪ್ರತಿಧ್ವನಿ ತಪ್ಪುತ್ತದೆ. ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬು) ಉರುಳುವುದು ಹಡಗಿನ ಹಿಂಬದಿಯಿಂದ. 150 ಅಡಿ ಇಳಿಯಲು 15 ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಯು-ಬೋಟ್ (ಜರ್ಮನ್ ಸಬ್‌ಮರೀನ್) ಪಕ್ಕಕ್ಕೆ ತಿರುಗಿರುತ್ತದೆ. ಗುರಿಯ ಮುಂದಕ್ಕೆ ಲೆಕ್ಕ ಹಾಕಿ. ಸ್ಫೋಟವಾದ ಮೇಲೆ ನೀರು ಕಲಕಿ ಹಲವು ನಿಮಿಷ ಏನೂ ಕೇಳದು, ಆಗ ಸುಮ್ಮನೆ ಚಾರ್ಜ್ ಸುರಿದು ಖಾಲಿ ಮಾಡಿಕೊಳ್ಳಬೇಡಿ.

ಹೆಡ್ಜ್‌ಹಾಗ್ (ಹಡಗಿನ ಮುಂದಕ್ಕೆ ಬಾಂಬು ಎಸೆಯುವ ಆಯುಧ) ಬೇಕೆಂದು ಯಾರೂ ಕೇಳಬೇಡಿ, ಅದಿನ್ನೂ ಬಳಕೆಗೆ ಬಂದಿರಲಿಲ್ಲ!

ಬರುವವರು ಶುಕ್ರವಾರದೊಳಗೆ ಹಡಗಿನ ಹೆಸರು ಹಾಕಿ ಇಲ್ಲೇ ತಿಳಿಸಿ. ಸ್ಟಾಪ್‌ವಾಚ್ ಇದ್ದವರು ತನ್ನಿ.