ಆ ರಾತ್ರಿ ಹುಲ್ಲು ನೆನೆಹಾಕಿದ ದೊಡ್ಡಕ್ಕನಿಗೆ

ನಮ್ಮ ಅಣಬೆ ಶೆಡ್‌ಗೆ ಈ ವಾರ ಒಂದು ವರ್ಷ ತುಂಬಿತು. ಈಗ ಅಲ್ಲಿ 11 ಜನ ಕೆಲಸ ಮಾಡುತ್ತಿದ್ದಾರೆ. ಕಳೆದ 8 ತಿಂಗಳಿಂದ ಯಾರ ಸಂಬಳವೂ ಒಂದು ದಿನ ಕೂಡ ತಡವಾಗಿಲ್ಲ. ಈ ಎರಡು ಸಾಲು ಬರೆಯುವ ದಿನ ಬರುತ್ತದೆ ಅಂತ ನಾನು ನಂಬಿರಲಿಲ್ಲ, ಯಾಕೆಂದರೆ ಮೂರನೇ ತಿಂಗಳಲ್ಲಿ ಒಂದು ರಾತ್ರಿ ಎಲ್ಲಾ ಮುಚ್ಚಿಬಿಡೋಣ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಯಾಗಿತ್ತು.

ಶುರು ಹೇಗಾಯಿತು, ಯಾರು ಒಪ್ಪಿದರು, ಯಾರ ಜೊತೆ ಎಷ್ಟು ಸಲ ಜಗಳ ಆಯಿತು, ಇದೆಲ್ಲ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇದೆ. ಮತ್ತೆ ಹೇಳುವುದಿಲ್ಲ. ಜಾಗ ಬಿಟ್ಟುಕೊಟ್ಟವರು, ದುಡ್ಡು ಹಾಕಿದ ಮನೆಗಳವರು, ಡ್ರಮ್ ಕೊಟ್ಟು ಇವತ್ತಿನವರೆಗೂ ವಾಪಸ್ ಕೇಳದವರು, ಲೆಕ್ಕ ಬರೆಯಲು ಕಲಿಸಿದ ಅಣ್ಣ, ಚಾವಣಿಗೆ ನೆರಳಿನ ಬಲೆ ಕಟ್ಟಿಕೊಟ್ಟ ಹುಡುಗರು, ಮೊದಲ ಕೊಯ್ಲು ನಾಲ್ಕೇ ಬುಟ್ಟಿ ಇದ್ದರೂ ಬೇಡ ಅನ್ನದೆ ತೆಗೆದುಕೊಂಡ ಅಂಗಡಿಯವರು, ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಒಂದೇ ಉಸಿರಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಒಬ್ಬೊಬ್ಬರ ಮನೆಗೂ ಬಂದೇ ಹೇಳುತ್ತೇನೆ.

ತರಬೇತಿ ಕೊಟ್ಟ ಮೇಷ್ಟ್ರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಸರ್, ನಾವು ಬೆಳೆಯುವ ಚಿಪ್ಪು ಅಣಬೆಯ ಕತೆಯನ್ನು ನೀವು ಮೊದಲ ದಿನ ಹೇಳಿದ್ದಿರಿ. ಜರ್ಮನಿಯಲ್ಲಿ 1917ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಫಾಲ್ಕ್ ಅನ್ನುವವರು ಕಡಿದ ಮರದ ಬೊಡ್ಡೆಗಳ ಮೇಲೆ ಇದನ್ನು ಬೆಳೆಸಿದರು ಅಂತ. ಜನರ ಹೊಟ್ಟೆಗೆ ಕಷ್ಟ ಇದ್ದ ಕಾಲದಲ್ಲಿ ಕಲಿತ ಬೆಳೆ ಇದು ಅಂದಿರಿ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆದರೆ ಅದರ ಮುಂದೆ ಒಂದು ಗಂಟೆ ನೀವು ಹುಲ್ಲು ಬಿಸಿ ಮಾಡುವ ಬಗ್ಗೆ ಹೇಳಿದ್ದು ಕೂರಲಿಲ್ಲ. ಬರೆದುಕೊಂಡಿದ್ದೆ, ಅಷ್ಟೆ.

ಈಗ ದೊಡ್ಡಕ್ಕನ ವಿಷಯ. ಈ ಬರಹ ಮುಖ್ಯವಾಗಿ ಅವರಿಗೇ.

ದೊಡ್ಡಕ್ಕ ನಮ್ಮಲ್ಲಿಗೆ ಎಲ್ಲರಿಗಿಂತ ಕೊನೆಗೆ ಬಂದವರು. ಹುಲ್ಲು ಕತ್ತರಿಸುವುದಕ್ಕೆ ಒಬ್ಬರು ಬೇಕಿತ್ತು, ಅದಕ್ಕೆ ಅಂತ ಸೇರಿಸಿಕೊಂಡೆವು. ಜಾಸ್ತಿ ಮಾತಾಡುವವರಲ್ಲ. ತರಬೇತಿಯ ದಿನ ಹಿಂದೆ ಗೋಡೆಗೆ ಒರಗಿ ಕೂತಿದ್ದರು. ಪುಸ್ತಕ ಇರಲಿಲ್ಲ, ಪೆನ್ನು ಇರಲಿಲ್ಲ. ಅವರಿಗೆ ಇದೆಲ್ಲ ಅರ್ಥವಾಗುತ್ತಿದೆಯೋ ಇಲ್ಲವೋ ಅಂತ ನಾನು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರನೇ ತಿಂಗಳಲ್ಲಿ ಆದ ತಪ್ಪು ಪೂರ್ತಿ ನನ್ನದು. ಬೇಯಿಸಿದ ಹುಲ್ಲು ಮತ್ತು ಅಣಬೆ ಬೀಜವನ್ನು ಚೀಲಕ್ಕೆ ತುಂಬಿದರೆ ಅದರಲ್ಲೇ ಅಣಬೆ ಬೆಳೆಯುತ್ತದೆ. ಎಲ್ಲರಿಗೂ ಬೇಗ ಸಂಬಳ ಸಿಗಲಿ ಅಂತ ಅಂಥ 240 ಚೀಲ ಎರಡೇ ದಿನದಲ್ಲಿ ತುಂಬಿಸಿದೆ. ಹುಲ್ಲು ಬೇಯಿಸಲು ಇದ್ದದ್ದು ಎರಡು ಡ್ರಮ್. ನೆನೆದ ಹುಲ್ಲು 65ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ಕಡಿಮೆ ಅಂದರೂ 1 ಗಂಟೆ ಇರಬೇಕು. ಹುಲ್ಲಿನಲ್ಲಿರುವ ಬೇರೆ ಬೂಷ್ಟುಗಳು ಸಾಯುವುದಕ್ಕೆ ಅಷ್ಟು ಹೊತ್ತು ಬೇಕು. ನಾನು ಅರ್ಧ ಗಂಟೆಗೂ ಮೊದಲೇ ತೆಗೆಸುತ್ತಿದ್ದೆ. ನೀರು ಸರಿಯಾಗಿ ಬಸಿಯಲೂ ಬಿಡಲಿಲ್ಲ. ಹುಲ್ಲನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಅಷ್ಟೇ. ನಮ್ಮದರಲ್ಲಿ ನೀರು ಮೊಣಕೈವರೆಗೆ ಇಳಿಯುತ್ತಿತ್ತು. ದೊಡ್ಡಕ್ಕ ಆವತ್ತೇ ಒಂದು ಸಲ "ಇದು ಸಾಕಾ ತಮ್ಮಾ?" ಅಂತ ಕೇಳಿದ್ದರು. ಸಾಕು ಅಂದೆ.

ಹನ್ನೆರಡನೇ ದಿನ ಸಂಜೆ ಶೆಡ್ ಬಾಗಿಲು ತೆಗೆದೆ. ಚೀಲಗಳೊಳಗೆ ಅಣಬೆಯ ಬಿಳಿ ಎಳೆ ಹಬ್ಬಿರಬೇಕಿತ್ತು. ಸಾಲು ಸಾಲು ಹಸಿರು. ಟ್ರೈಕೋಡರ್ಮಾ ಅನ್ನುವ ಬೂಷ್ಟು ಅದು. ಮೊದಲು ಬೆಳ್ಳಗೇ ಇರುತ್ತದೆ, ಹಾಗಾಗಿ ಎಲ್ಲ ಚೆನ್ನಾಗಿದೆ ಅಂತ ನಂಬಿದ್ದೆ. ಎರಡೇ ದಿನದಲ್ಲಿ ಬಣ್ಣ ತಿರುಗಿತ್ತು. ಹುಳಿ ವಾಸನೆ ಬಾಗಿಲವರೆಗೂ ಬರುತ್ತಿತ್ತು.

ಜೊತೆ ಕೆಲಸ ಮಾಡುವವರು ಬಂದು ನೋಡಿದರು, ಸಮಾಧಾನ ಹೇಳಿದರು, ಕತ್ತಲಾದ ಮೇಲೆ ಹೋದರು. ಅವರನ್ನು ದೂರುತ್ತಿಲ್ಲ, ಎಲ್ಲರಿಗೂ ಮನೆ ಮಕ್ಕಳು ಇದ್ದಾರೆ. ನಾನು ಶೆಡ್ ಹಿಂದೆ ಹೋಗಿ ಕೂತೆ. ಅತ್ತೆ. ಸುಮ್ನೆ ಕಣ್ಣೀರು ಬಂದಿದ್ದಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ಇದ್ದ ಕೂಲಿ ಬಿಟ್ಟು ನನ್ನ ಮಾತು ನಂಬಿ ಬಂದವರು ಅವರು. ನಿಮಗೆ ಕೆಲಸ ಕೊಡುತ್ತೇನೆ ಅಂತ ನಾನೇ ಮನೆಮನೆಗೆ ಹೋಗಿ ಹೇಳಿದ್ದೆ. ಆ ಮಾತು ಹೇಳಿದ ಬಾಯಿ ನನ್ನದೇನಾ ಅನ್ನಿಸಿತು. ಬೆಳಗ್ಗೆ ಅವರು ಬರುವುದರೊಳಗೆ ಎಲ್ಲಿಗಾದರೂ ಹೋಗಿಬಿಡಬೇಕು ಅಂತಲೂ ಅನ್ನಿಸಿತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ದೊಡ್ಡಕ್ಕ ಹೋಗಿರಲಿಲ್ಲ. ಅವರು ನನ್ನ ಪಕ್ಕ ಕೂರಲಿಲ್ಲ, ಅಳಬೇಡ ಅನ್ನಲಿಲ್ಲ. ನಿಂತುಕೊಂಡೇ ಕೇಳಿದರು.

"ನಾಳೆ ಬೆಳಗ್ಗೆ ಎಲ್ಲಾ ಬರ್ತಾರಲ್ಲ, ಅವರಿಗೆ ಏನು ಕೆಲಸ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

"ಈಗ ಹುಲ್ಲು ನೆನೆಹಾಕಿದ್ರೆ ಬೆಳಗ್ಗೆ ಬೇಯಿಸಬಹುದು. ಈಗ ಹಾಕದಿದ್ರೆ ನಾಳೆ ಎಲ್ಲಾ ಸುಮ್ನೆ ಕೂರಬೇಕು. ಸುಮ್ನೆ ಕೂತು ಮನೆಗೆ ಹೋದವರು ನಾಡಿದ್ದು ಬರಲ್ಲ ತಮ್ಮಾ."

ಅಣಬೆ ಬೆಳೆಯುವವರಿಗೆ ಇದು ಚಿಕ್ಕ ವಿಷಯ. ಹುಲ್ಲು ರಾತ್ರಿಯಿಡೀ ನೆನೆಯಬೇಕು, ಬೆಳಗ್ಗೆ ಬಂದು ಅವಸರ ಮಾಡಿದರೆ ಆಗುವುದಿಲ್ಲ. ಅಂದರೆ ನಾಳೆಯ ಕೆಲಸ ಇರುತ್ತದೋ ಇಲ್ಲವೋ ಅನ್ನುವುದು ಇವತ್ತು ರಾತ್ರಿಯೇ ತೀರ್ಮಾನ ಆಗಿಬಿಡುತ್ತದೆ. ನಾನು ಕಳೆದುಹೋದ 240 ಚೀಲ ಎಣಿಸುತ್ತಿದ್ದೆ. ಅವರು ಬೆಳಗ್ಗೆ ಬರುವ ಜನರನ್ನು ಎಣಿಸುತ್ತಿದ್ದರು.

ನಾನು ಎದ್ದು ಹಾಳಾದ ಚೀಲ ತೆಗೆಯಲು ಹೊರಟೆ. ತಡೆದರು. "ಮೊದಲು ಚೊಕ್ಕ ಕೆಲಸ, ಆಮೇಲೆ ಕೊಳೆ ಕೆಲಸ. ಆ ಬಟ್ಟೆಯಲ್ಲಿ ಬಂದು ಹೊಸ ಹುಲ್ಲು ಮುಟ್ಟಿದ್ರೆ ಇದೂ ಹೋಗುತ್ತೆ." ಮೇಷ್ಟ್ರು ಹೇಳಿದ್ದ ಮಾತೇ ಅದು. ನಾನು ಬರೆದುಕೊಂಡಿದ್ದೆ, ಅವರು ನೆನಪಿಟ್ಟುಕೊಂಡಿದ್ದರು. ಹುಲ್ಲು ನೆನೆಹಾಕಿದ ಮೇಲೆ ಶೆಡ್ ಒಳಗೆ ಹೋದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡೆವು. ಹಸಿರು ಬಂದ ಚೀಲ ಅಲ್ಲಾಡಿಸಬೇಡ, ಬಾಯಿ ಬಿಚ್ಚಬೇಡ, ಆ ಹಸಿರು ಪುಡಿ ಹಾರಿದರೆ ಉಳಿದಿದ್ದಕ್ಕೂ ಅಂಟುತ್ತದೆ ಅಂದರು. ಒಂದೊಂದನ್ನೂ ಇನ್ನೊಂದು ಚೀಲದೊಳಗೆ ಇಳಿಸಿ, ಗಂಟು ಹಾಕಿ, ಹೊತ್ತು ದೂರ ಸಾಗಿಸಿದೆವು. ಗುಂಡಿ ತೋಡಿದೆವು. ಒಂದೊಂದು ಚೀಲವನ್ನೂ ಟಾರ್ಚ್ ಹಿಡಿದು ಸುತ್ತಲೂ ನೋಡಿ, ಮೂಗಿನ ಹತ್ತಿರ ತಂದು ವಾಸನೆ ನೋಡಿ, ಇದು ಇರಲಿ, ಇದು ಹೋಗಲಿ ಅಂತ ಹೇಳುತ್ತಿದ್ದರು. ನಾನು ಎಲ್ಲವನ್ನೂ ಎಸೆದುಬಿಡೋಣ ಅಂದೆ. ಅವರು 50 ಚೀಲ ಉಳಿಸಿದರು.

ನಡುರಾತ್ರಿ ದಾಟಿದ ಮೇಲೆ, ಗುಂಡಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಉಸಿರು ತೆಗೆದುಕೊಳ್ಳಲು ನಿಂತಿದ್ದಾಗ, ಅವರೇ ಮಾತು ತೆಗೆದರು. ಹಿಂದೆ ಒಂದು ಕಡೆ ವರ್ಷಗಟ್ಟಲೆ ಕೆಲಸ ಮಾಡಿದ್ದರಂತೆ. ಒಂದು ಬೆಳಗ್ಗೆ ಹೋದರೆ ಗೇಟಿಗೆ ಬೀಗ. ಒಳಗೆ ಯಾರೂ ಇಲ್ಲ, ಹೇಳುವವರೂ ಇಲ್ಲ. ಮಧ್ಯಾಹ್ನದವರೆಗೆ ಗೇಟಿನ ಹತ್ತಿರವೇ ನಿಂತಿದ್ದರಂತೆ, ಯಾರಾದರೂ ಬಂದು ಬೀಗ ತೆಗೆಯಬಹುದು ಅಂತ. "ಮನೆಗೆ ಹೋಗಿ ಏನಂತ ಹೇಳಲಿ ಅನ್ನೋದೇ ಗೊತ್ತಾಗಲಿಲ್ಲ" ಅಂದರು. ಅಷ್ಟು ಹೇಳಿ ಮತ್ತೆ ಗುದ್ದಲಿ ಎತ್ತಿಕೊಂಡರು. ನಾನು ಬೆಳಗಾಗುವುದರೊಳಗೆ ಓಡಿಹೋಗಬೇಕು ಅಂದುಕೊಂಡಿದ್ದು ಅವರಿಗೆ ಹೇಗೆ ಗೊತ್ತಾಯಿತೋ. ಗೊತ್ತಾಗಿತ್ತು ಅಂತ ನನಗೆ ಖಾತ್ರಿ ಇದೆ.

ಬೆಳಗ್ಗೆ ಎಲ್ಲರೂ ಬಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ದೊಡ್ಡಕ್ಕನೇ ಹೇಳಿದರು. "190 ಹೋಯ್ತು. 50 ಉಳಿದಿದೆ. ಹುಲ್ಲು ನೆಂದಿದೆ." ಇಷ್ಟೇ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಒಲೆ ಹಚ್ಚಿದರು.

ಆ 50 ಚೀಲಗಳಲ್ಲಿ ಗುಂಡುಸೂಜಿ ತಲೆಯಷ್ಟು ಚಿಕ್ಕ ಮೊಗ್ಗು ಕಂಡ ದಿನ ನಾವೆಲ್ಲ ಶೆಡ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಬ್ಬರ ಹಿಂದೆ ಒಬ್ಬರು ನಿಂತು ನೋಡಿದೆವು. ಒಳಗೆ ಯಾರೂ ಜೋರಾಗಿ ಮಾತಾಡಲಿಲ್ಲ.

ಎಲ್ಲಾ ಒಂದೇ ಸಲ ಹಾಕಬೇಡ ಅನ್ನುವುದೂ ದೊಡ್ಡಕ್ಕನ ಮಾತೇ. ಇದು ನನಗೆ ತುಂಬಾ ತಡವಾಗಿ ಅರ್ಥವಾಯಿತು. ಒಂದೇ ಸಲ 240 ಚೀಲ ತುಂಬಿದರೆ ಎರಡು ದಿನ ಎಲ್ಲರಿಗೂ ಬೆನ್ನು ಮುರಿಯುವಷ್ಟು ಕೆಲಸ, ಆಮೇಲೆ ಸುಮಾರು ಮೂರು ವಾರ ಬಿಳಿ ಎಳೆ ಹಬ್ಬುವವರೆಗೆ ಹೆಚ್ಚೇನೂ ಇಲ್ಲ. ಹಾಗೆ ಮಾಡಿದರೆ ಅಣಬೆ ಬರಬಹುದು, ಆದರೆ ಜನಕ್ಕೆ ದಿನಾ ಕೆಲಸ ಇರುವುದಿಲ್ಲ. ಈಗ ನಾವು ವಾರಕ್ಕೆ 40 ಚೀಲ ತುಂಬುತ್ತೇವೆ. ಒಂದು ಸಾಲಿಗೆ ಬೀಜ ಬಿದ್ದಿರುತ್ತದೆ, ಇನ್ನೊಂದು ಕತ್ತಲ ಕೋಣೆಯಲ್ಲಿ ಬೆಳ್ಳಗಾಗುತ್ತಿರುತ್ತದೆ, ಮತ್ತೊಂದಕ್ಕೆ ನೀರು ಚಿಮುಕಿಸಿ ಗಾಳಿಯಲ್ಲಿ ತೇವ 80–90% ಇರುವ ಹಾಗೆ ನೋಡಿಕೊಳ್ಳುತ್ತಿರುತ್ತಾರೆ, ಇನ್ನೊಂದರಲ್ಲಿ ಎರಡನೇ ಕೊಯ್ಲು ನಡೆಯುತ್ತಿರುತ್ತದೆ. ಮೂರು ಕೊಯ್ಲು ಮುಗಿದ ಚೀಲದ ಹುಲ್ಲು ಗೊಬ್ಬರದ ಗುಂಡಿಗೆ ಹೋಗುತ್ತದೆ. ಎಲ್ಲಾ ದಿನ ಎಲ್ಲರಿಗೂ ಏನಾದರೂ ಇರುತ್ತದೆ. ಭಾರ ಎತ್ತಲು ಆಗದವರಿಗೆ ಕೊಯ್ಲು ಇದೆ, ಚಿಕ್ಕ ಮಕ್ಕಳಿರುವವರಿಗೆ ಬೆಳಗಿನ ಪಾಳಿ ಇದೆ. ಬೂಷ್ಟು ಈಗಲೂ ಬರುತ್ತದೆ. ಬಂದರೆ ಒಂದು ವಾರದ ಚೀಲದಲ್ಲಿ ಒಂದೆರಡು ಹೋಗುತ್ತದೆ, ವರ್ಷ ಹೋಗುವುದಿಲ್ಲ.

ಇನ್ನೊಬ್ಬರಿಗೆ ಥ್ಯಾಂಕ್ಸ್ ಹೇಳದೆ ಇರಲಾರೆ. ನಮ್ಮಲ್ಲಿ ಒಬ್ಬ ಅತ್ತಿಗೆಗೆ ಒಣಕೆಮ್ಮು ಶುರುವಾದಾಗ ಅಣಬೆಯ ಬಗ್ಗೆ ಮೊದಲು ವಿಚಾರಿಸಿದ ಡಾಕ್ಟರ್ ನೀವು. ಚಿಪ್ಪು ಅಣಬೆ ಬಲಿತರೆ ಕಣ್ಣಿಗೆ ಕಾಣುವಷ್ಟು ಬಿಳಿ ಪುಡಿ ಉದುರಿಸುತ್ತದೆ, ಅದನ್ನು ದಿನಾ ಉಸಿರಾಡಿದರೆ ಶ್ವಾಸಕೋಶಕ್ಕೆ ತೊಂದರೆ ಅಂತ ವಿವರಿಸಿದಿರಿ. ಅವತ್ತಿನಿಂದ ಅಂಚು ಮೇಲಕ್ಕೆ ಮಡಚುವ ಮೊದಲೇ ಕೊಯ್ಯುತ್ತೇವೆ. ಬೆಳಗ್ಗೆ ಬಾಗಿಲು ಕಿಟಕಿ ತೆರೆದು ಗಾಳಿಯಾಡಿದ ಮೇಲೆ, ಮಾಸ್ಕ್ ಹಾಕಿಕೊಂಡೇ ಒಳಗೆ ಹೋಗುತ್ತೇವೆ. ಅತ್ತಿಗೆ ಈಗ ಪ್ಯಾಕಿಂಗ್ ನೋಡಿಕೊಳ್ಳುತ್ತಾರೆ, ಕೆಮ್ಮು ಇಲ್ಲ. ಹೊಸದಾಗಿ ಅಣಬೆ ಶುರು ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮೊದಲ ಕೊಯ್ಲಿಗೂ ಮುಂಚೆ ಮಾಸ್ಕ್ ತಂದಿಡಿ.

ಸೈಕಲ್ ಮೇಲೆ ಮನೆಮನೆಗೆ ತಲುಪಿಸುವ ನಮ್ಮ ಹುಡುಗನಿಗೂ ಥ್ಯಾಂಕ್ಸ್. ಅಣಬೆಯ ಬಹುಪಾಲು ನೀರೇ, ಒಂದೆರಡು ದಿನದಲ್ಲಿ ಬಾಡುತ್ತದೆ. ಅವನು ಒಂದು ದಿನ ತಪ್ಪಿಸಿದರೂ ನಮಗೆ ಕಷ್ಟ. ಅವನು ತಪ್ಪಿಸಿಲ್ಲ.

ದೊಡ್ಡಕ್ಕ, ಇದನ್ನು ನಿಮ್ಮ ಮಗಳು ಓದಿ ಹೇಳುತ್ತೇನೆ ಅಂದಿದ್ದಾಳೆ. ಎದುರಿಗೆ ಹೇಳೋಣ ಅಂತ ಎಷ್ಟೋ ಸಲ ಬಂದೆ. ನೀವು "ಹೋಗು, ನೀರು ಬಿಸಿಯಾಯ್ತಾ ನೋಡು" ಅಂತ ಕಳಿಸಿಬಿಡುತ್ತೀರಿ. ಅದಕ್ಕೇ ಇಲ್ಲಿ ಎಲ್ಲರ ಎದುರು ಹೇಳುತ್ತಿದ್ದೇನೆ. ಆ ರಾತ್ರಿ ನೀವು ಉಳಿಯದಿದ್ದರೆ ಬೆಳಗ್ಗೆ ಬಂದವರಿಗೆ ನಮ್ಮ ಬಾಗಿಲಿಗೂ ಬೀಗವೇ ಕಾಣುತ್ತಿತ್ತು. ಶೆಡ್‌ನ ಎರಡು ಬೀಗದ ಕೈಗಳಲ್ಲಿ ಒಂದು ಇನ್ನು ಮೇಲೆ ನಿಮ್ಮ ಹತ್ತಿರ ಇರಲಿ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ. ಬೇಡ ಅನ್ನಬೇಡಿ.

ನಾಳೆ ನಿಮಗೆ ರಜೆ. ಹುಲ್ಲು ನಾನೇ ಈಗಷ್ಟೇ ನೆನೆಹಾಕಿ ಬಂದೆ.